ರಾಜಾ ರವಿವರ್ಮ: ಪ್ರತಿಭೆಯ ಕಥೆ, ದುಡಿಮೆಯ ಚರಿತ್ರೆ

ರಾಜಾ ರವಿವರ್ಮ (1848–1906) ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಹುಟ್ಟಿದ ಚಿತ್ರಕಾರ. ಪುರಾಣದ ಪಾತ್ರಗಳನ್ನು ಯುರೋಪಿನ ತೈಲವರ್ಣ ಪದ್ಧತಿಯಲ್ಲಿ ಬರೆದು ದೇಶವಿಡೀ ಹೆಸರಾದವರು. ಬದುಕಿದ್ದಾಗ ದೈವದತ್ತ ಪ್ರತಿಭೆ ಎನಿಸಿಕೊಂಡ ಇವರು ತೀರಿಕೊಂಡ ಮರುವರ್ಷವೇ ಪಶ್ಚಿಮದ ನಕಲುಗಾರ ಎನಿಸಿಕೊಂಡರು. ಹೊಗಳಿದವರಿಗೂ ತೆಗಳಿದವರಿಗೂ ಅವರ ದುಡಿಮೆಯ ಬಗೆ ಬೇಕಿರಲಿಲ್ಲ.

ಹೊಗಳಿಕೆಯ ಕಥೆ ಹೀಗಿದೆ: ಗೋಡೆಯ ಮೇಲೆ ಇದ್ದಿಲಲ್ಲಿ ಗೀಚುತ್ತಿದ್ದ ಹುಡುಗ, ತಿರುವಾಂಕೂರಿನ ಅರಮನೆಗೆ ಬಂದ ಚಿತ್ರಕಾರ ಥಿಯೊಡೊರ್ ಜೆನ್ಸನ್ ಕಲಿಸಲು ಒಪ್ಪದಿದ್ದರೂ ಅವನ ಕುಂಚವನ್ನು ದೂರದಿಂದಲೇ ನೋಡಿ ಕಲಿತ. ಏಕಲವ್ಯನ ಅಚ್ಚಿನಲ್ಲಿ ಎರೆದಂತಿರುವ ಈ ಕಥೆಯಲ್ಲಿ, ಮೊದಲ ಪಾಠ ಹೇಳಿಕೊಟ್ಟ ಸೋದರಮಾವನಿಗೆ ಹೆಚ್ಚು ಜಾಗವಿಲ್ಲ. 1873ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ಬಂದ ಮೇಲಂತೂ ಕಥೆ ಗಟ್ಟಿಯಾಯಿತು.

ತೆಗಳಿಕೆ ಸ್ವದೇಶಿ ಚಳವಳಿಯ ಕಾಲದ್ದು. ಶಕುಂತಲೆ ನೆಲದ ಮೇಲೆ ಮೈಚಾಚಿ ಮಲಗಿ ದುಷ್ಯಂತನಿಗೆ ಓಲೆ ಬರೆಯುವ ಚಿತ್ರ ಸೋದರಿ ನಿವೇದಿತಾಗೆ ಸಭ್ಯವೆನಿಸಲಿಲ್ಲ. ಕಲಾವಿಮರ್ಶಕ ಆನಂದ ಕುಮಾರಸ್ವಾಮಿಯವರಿಗೆ ರವಿವರ್ಮರ ದೇವದೇವತೆಯರು ನಾಟಕದ ಪಾತ್ರಗಳಂತೆ ಕಂಡರು. ಎರಡನೆಯ ಮಾತಿನಲ್ಲಿ ಹುರುಳಿದೆ, ಆದರೆ ಅದು ದೋಷವೇ ಆಗಬೇಕಿಲ್ಲ.

ನಿಜಕ್ಕೂ ರವಿವರ್ಮರ ಚಿತ್ರಗಳು ಒಬ್ಬರ ಕೈಯವಲ್ಲ. ತಮ್ಮ ಸಿ. ರಾಜರಾಜವರ್ಮ ಜೊತೆಗೇ ಊರೂರು ತಿರುಗಿ ಹಿನ್ನೆಲೆಯ ಬೆಟ್ಟ, ಮರ, ನೀರು ಬರೆಯುತ್ತಿದ್ದರು, ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದರು. ಈ ತಮ್ಮನ ದಿನಚರಿ ಓದಿದರೆ ಪ್ರಯಾಣ, ರೂಪದರ್ಶಿಯರ ಹುಡುಕಾಟ, ಬರಬೇಕಾದ ಹಣ, ಇವುಗಳ ನಡುವೆ ಚಿತ್ರ ಸಿದ್ಧವಾಗುತ್ತಿದ್ದುದು ಕಾಣುತ್ತದೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮರ ಕಲ್ಲಚ್ಚಿನ ಮುದ್ರಣಾಲಯ ಮುಂದೆ ಲೋಣಾವಳದ ಬಳಿಯ ಮಳವಳಿಗೆ ಹೋಯಿತು. ವ್ಯಾಪಾರವಾಗಿ ಅದು ಕೈಕಚ್ಚಿತು. ಕೊನೆಗೆ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಷರ್ ಕೈಸೇರಿತು. ದೇವರಕೋಣೆಯ ಲಕ್ಷ್ಮಿ, ಸರಸ್ವತಿ ಮಾತ್ರ ಅಚ್ಚಾಗುತ್ತಲೇ ಹೋದರು. ಮುಂದೆ ‘ರಾಜಾ ಹರಿಶ್ಚಂದ್ರ’ ಸಿನಿಮಾ ತೆಗೆದ ಫಾಲ್ಕೆಯೂ ಈ ಮುದ್ರಣಾಲಯದಲ್ಲಿ ದುಡಿದವರೇ.

ಕನ್ನಡಿಗರಿಗೆ ಈ ಕೆಲಸ ನೋಡಲು ಮೈಸೂರಿನ ಜಗನ್ಮೋಹನ ಅರಮನೆ ಸಾಕು. ಅಲ್ಲಿರುವ ವಾದ್ಯಗೋಷ್ಠಿಯ ಚಿತ್ರದಲ್ಲಿ 11 ಹೆಂಗಸರಿದ್ದಾರೆ. ಉಡುಗೆ, ಒಡವೆಗಳಿಂದಲೇ ಬೇರೆ ಬೇರೆ ಪ್ರಾಂತ, ಸಮುದಾಯಗಳು ಗುರುತಾಗುತ್ತವೆ. ದೇಶವನ್ನೇ ಒಂದು ಕೋಣೆಯಲ್ಲಿ ಕೂರಿಸುವ ಈ ಹಂಚಿಕೆ ನಕಲುಗಾರನಿಗೆ ಹೊಳೆಯುವಂಥದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1904ರಲ್ಲಿ ರವಿವರ್ಮರಿಂದ ಪೌರಾಣಿಕ ಚಿತ್ರಗಳನ್ನು ಬರೆಸಿದರು. ತಮಾಷೆಯೆಂದರೆ, ಇದೇ ಮೈಸೂರು ಕೆಲವೇ ವರ್ಷಗಳಲ್ಲಿ ಚಿತ್ರಕಾರ ಕೆ. ವೆಂಕಟಪ್ಪನವರನ್ನು ಕಲ್ಕತ್ತೆಗೆ, ರವಿವರ್ಮರ ದಾರಿಯನ್ನು ತಳ್ಳಿಹಾಕಿದ ಅವನೀಂದ್ರನಾಥ ಠಾಕೂರರ ಬಳಿಗೆ ಕಲಿಯಲು ಕಳಿಸಿತು.

1979ರಲ್ಲಿ ಸರ್ಕಾರ ರವಿವರ್ಮರ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿಯೆಂದು ಘೋಷಿಸಿದ್ದರಿಂದ ಅವನ್ನು ಹೊರದೇಶಕ್ಕೆ ಮಾರುವಂತಿಲ್ಲ. 1993ರಲ್ಲಿ ದೆಹಲಿಯಲ್ಲಿ ಎ. ರಾಮಚಂದ್ರನ್ ಮತ್ತು ರೂಪಿಕಾ ಚಾವ್ಲಾ ಏರ್ಪಡಿಸಿದ ದೊಡ್ಡ ಪ್ರದರ್ಶನ ಮರುಚರ್ಚೆಗೆ ದಾರಿಮಾಡಿತು. ತಮ್ಮನ ಹೆಸರು ಈಗ ಪುಸ್ತಕಗಳಲ್ಲಿ ಬರುತ್ತದೆ. ತಂಗಿ ಮಂಗಳಾಬಾಯಿಯೂ ಚಿತ್ರ ಬರೆಯುತ್ತಿದ್ದರು. ಅವರ ಕೃತಿಗಳ ಮೇಲೆ ಅಷ್ಟು ಕೆಲಸ ಇನ್ನೂ ಆಗಿಲ್ಲ.