ಎಣ್ಣೆಬಾವಿ ಕೆಲಸ: ಎರಡನೇ ಸುತ್ತಿನ ಸಂದರ್ಶನಕ್ಕೆ ಹೋಗುವ ಮುನ್ನ

ತೊರಪಲ್ಲಿ ಅಗ್ರಹಾರ: ಹೊರಗಿನವರಿಗೆ ಈ ಊರು ಗೊತ್ತಿರುವುದು ರಾಜಾಜಿ ಹುಟ್ಟಿದ ಊರೆಂದು. 1878ರಲ್ಲಿ ಇಲ್ಲಿ ಹುಟ್ಟಿದ ಹುಡುಗ ಹೊಸೂರಿನ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ದಾಟಿ 1948ರಲ್ಲಿ ಗವರ್ನರ್ ಜನರಲ್ ಆದರು. ಈಗ ಇದೇ ಸೀಮೆಯ ಹುಡುಗ ಹುಡುಗಿಯರು ಇಂಜಿನಿಯರಿಂಗ್ ಮುಗಿಸಿ ಹೊಸೂರಿನ ಸಿಪ್ಕಾಟ್‌ಗೋ, ಗಡಿ ದಾಟಿ ಎಲೆಕ್ಟ್ರಾನಿಕ್ ಸಿಟಿಗೋ ಬಸ್ಸು ಹಿಡಿಯುತ್ತಾರೆ. ಒಬ್ಬಿಬ್ಬರ ಅರ್ಜಿ ಮಾತ್ರ ಬೇರೆ ದಿಕ್ಕಿಗೆ ಹೋಗುತ್ತದೆ. ಎಣ್ಣೆಬಾವಿ ಕೊರೆಯುವ ಕಂಪನಿಗಳಿಗೆ!

ಮೊದಲ ಸುತ್ತು ಹೇಗೋ ದಾಟಿಬಿಡುತ್ತಾರೆ. ಅದು ಅಂಕ, ಇಂಗ್ಲಿಷ್, ಪರಿಚಯದ ಮಾತು, ಹೆಚ್ಚೆಂದರೆ ಒಂದು ಕಂಪ್ಯೂಟರ್ ಪರೀಕ್ಷೆ. ಎರಡನೇ ಸುತ್ತಿಗೆ ಕರೆ ಬಂದಾಗ ಮನೆಯಲ್ಲಿ ಪಾಯಸ, ಹುಡುಗನ ಹೊಟ್ಟೆಯಲ್ಲಿ ತಳಮಳ. ಏನು ಕೇಳುತ್ತಾರೆ ಎಂದು ಹೇಳಲು ಬೀದಿಯಲ್ಲಿ ಯಾರೂ ಇರುವುದಿಲ್ಲ. ಮೋಟಾರ್ ಕಂಪನಿಯಾದರೆ ಪಕ್ಕದ ಮನೆಯ ಅಣ್ಣನೇ ಹೇಳಿಕೊಡುತ್ತಾನೆ. ಎಣ್ಣೆ ಕಂಪನಿಗೆ ಹೋದ ಅಣ್ಣ ನಮ್ಮಲ್ಲಿ ಅಪರೂಪ.

ಯಾವ ಕಂಪನಿ ಎಂಬುದು ಮೊದಲ ಪ್ರಶ್ನೆ

ಈ ಉದ್ಯಮದಲ್ಲಿ ಎರಡು ಜಾತಿ. ಬಾವಿಯ ಮಾಲೀಕರು ಒಂದು, ಬಾವಿಯ ಕೆಲಸ ಮಾಡಿಕೊಡುವವರು ಇನ್ನೊಂದು. 1956ರಲ್ಲಿ ಶುರುವಾದ ಒಎನ್‌ಜಿಸಿ, ಅಸ್ಸಾಮಿನ ಆಯಿಲ್ ಇಂಡಿಯಾ ಮೊದಲ ಜಾತಿಗೆ ಸೇರಿದವು. ಷ್ಲಂಬರ್ಜೆ, ಹ್ಯಾಲಿಬರ್ಟನ್, ಬೇಕರ್ ಹ್ಯೂಸ್ ಎರಡನೆಯವು. ಷ್ಲಂಬರ್ಜೆ 2022ರ ಅಕ್ಟೋಬರಿನಿಂದ ಎಸ್‌ಎಲ್‌ಬಿ ಎಂದು ಹೆಸರು ಬದಲಿಸಿಕೊಂಡಿದೆ. ಸಂದರ್ಶನಕ್ಕೆ ಹೋಗಿ ಹಳೆಯ ಹೆಸರನ್ನೇ ಹೇಳುತ್ತಾ ಕೂತರೆ ತಯಾರಿ ಎಷ್ಟಾಗಿದೆಯೆಂದು ಅವರಿಗೆ ಅಲ್ಲೇ ಗೊತ್ತಾಗುತ್ತದೆ. ಮಂಗಳೂರಿನ ಎಂಆರ್‌ಪಿಎಲ್ ಎಣ್ಣೆ ಶುದ್ಧೀಕರಿಸುವ ಕಾರ್ಖಾನೆ, ಬಾವಿ ಕೊರೆಯುವುದಿಲ್ಲ. ಅಲ್ಲಿನ ಪ್ರಶ್ನೆಗಳೇ ಬೇರೆ.

ಸರ್ಕಾರಿ ಕಂಪನಿಯಲ್ಲಿ ಗೇಟ್ ಅಂಕವೋ ಕಂಪನಿಯದೇ ಕಂಪ್ಯೂಟರ್ ಪರೀಕ್ಷೆಯೋ ಎಂಬುದನ್ನು ಆಯಾ ವರ್ಷದ ಪ್ರಕಟಣೆ ಹೇಳುತ್ತದೆ. ಅದಾದ ಮೇಲೆ ಮೇಜಿನ ಆಚೆ ಮೂರ್ನಾಲ್ಕು ಜನ ಕೂತು ಪ್ರಶ್ನೆ ಕೇಳುವುದು ಹಳೆಯ ಪದ್ಧತಿ. ಖಾಸಗಿ ಸೇವಾ ಕಂಪನಿಗಳಲ್ಲಿ ಎರಡನೇ ಸುತ್ತೆಂದರೆ ಬಹುಪಾಲು ಅರ್ಧ ದಿನ, ಕೆಲವೊಮ್ಮೆ ಇಡೀ ದಿನ. ನಿಮ್ಮ ಪ್ರಾಜೆಕ್ಟ್ ಬಗ್ಗೆ ಐದಾರು ನಿಮಿಷ ಮಾತು, ಗುಂಪಿನಲ್ಲಿ ಒಂದು ಕೆಲಸ, ಕೊನೆಗೆ ಬಾವಿಯಲ್ಲೇ ವರ್ಷಗಟ್ಟಲೆ ದುಡಿದ ಇಂಜಿನಿಯರ್ ಜೊತೆ ಒಬ್ಬೊಬ್ಬರಾಗಿ ಮಾತುಕತೆ. ಆ ಕೊನೆಯದೇ ನಿಜವಾದ ಪರೀಕ್ಷೆ. ರಾತ್ರಿ ಎರಡು ಗಂಟೆಗೆ ಕೆಸರಿನಲ್ಲಿ ನಿಂತು ಈ ಹುಡುಗ ನನ್ನ ಪಕ್ಕದಲ್ಲಿ ಕೆಲಸ ಮಾಡಬಲ್ಲನೇ ಎಂದು ಆತ ಅಳೆಯುತ್ತಿರುತ್ತಾನೆ.

ಬೋರ್‌ವೆಲ್ ನೋಡಿದ್ದೀರಲ್ಲ?

ನಗರದ ಹುಡುಗರಿಗಿಂತ ನಮ್ಮ ಹುಡುಗರು ಒಂದು ಹೆಜ್ಜೆ ಮುಂದಿರುವುದು ಇಲ್ಲೇ, ಆದರೆ ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ತಿರುಚೆಂಗೋಡಿನ ಬೋರ್ ಲಾರಿ ಹೊಲಕ್ಕೆ ಬಂದಾಗ ರಾತ್ರಿಯೆಲ್ಲ ನಿಂತು ನೋಡದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಇದ್ದಾರೆಯೇ? ರಾಡ್ ಒಂದಕ್ಕೊಂದು ಸೇರಿಸಿ ಇಳಿಸುವುದು, ಕಂಪ್ರೆಸರ್ ಗಾಳಿ ಕಲ್ಲಿನ ಪುಡಿಯನ್ನು ಮೇಲಕ್ಕೆ ಉಗುಳುವುದು, ಮೇಲುಮಣ್ಣು ಕುಸಿಯದ ಹಾಗೆ ಗಟ್ಟಿ ಬಂಡೆಯ ತನಕ ಕೇಸಿಂಗ್ ಪೈಪು ಇಳಿಸುವುದು, ಇದೆಲ್ಲ ನಮಗೆ ಕಂಡ ವಿಷಯ. ಎಣ್ಣೆಬಾವಿಯೂ ಇದರ ದೊಡ್ಡಣ್ಣನೇ, ಆದರೆ ಸ್ವಭಾವ ಬೇರೆ.

ನಮ್ಮ ಬೋರಿನಲ್ಲಿ ಸುತ್ತಿಗೆಯಂತೆ ಬಡಿಯುವ ಬಿಟ್ ಗ್ರಾನೈಟನ್ನು ಪುಡಿ ಮಾಡುತ್ತದೆ. ಎಣ್ಣೆ ಸಿಗುವುದು ಸಾಮಾನ್ಯವಾಗಿ ಮರಳುಗಲ್ಲು, ಸುಣ್ಣಕಲ್ಲಿನ ಪದರಗಳಲ್ಲಿ. ಅಲ್ಲಿ ಬಿಟ್ ತಿರುಗುತ್ತಾ ಕೊರೆಯುತ್ತದೆ. ಗಾಳಿಯ ಬದಲು ಮಡ್ ಎಂಬ ದಪ್ಪ ದ್ರವವನ್ನು ಪೈಪಿನೊಳಗೆ ಇಳಿಸಿ, ಪಕ್ಕದ ಸಂದಿನಿಂದ ಮೇಲಕ್ಕೆ ತರುತ್ತಾರೆ. ಕಲ್ಲಿನ ಪುಡಿ ಹೊತ್ತು ತರುವುದು, ಬಿಟ್ ತಂಪು ಮಾಡುವುದು, ಬಾವಿಯ ಗೋಡೆ ಬೀಳದಂತೆ ಹಿಡಿಯುವುದು ಆ ಮಡ್ಡಿನ ಕೆಲಸಗಳು. ಎಲ್ಲಕ್ಕಿಂತ ಮುಖ್ಯ, ಕೆಳಗಿನ ಎಣ್ಣೆ ಮತ್ತು ಗ್ಯಾಸಿನ ಒತ್ತಡವನ್ನು ಅದು ತನ್ನ ಭಾರದಿಂದಲೇ ಅದುಮಿ ಹಿಡಿಯಬೇಕು. ಬೋರಿನಲ್ಲಿ ನೀರು ಚಿಮ್ಮಿದರೆ ಊರೇ ಕುಣಿಯುತ್ತದೆ. ಎಣ್ಣೆಬಾವಿಯಲ್ಲಿ ತಾನಾಗಿ ಚಿಮ್ಮಿದರೆ ಜನ ಓಡಬೇಕಾಗುತ್ತದೆ.

ಇನ್ನೊಂದು ಸ್ವಾರಸ್ಯ ಕೇಳಿ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸುವವರು ಒಂದು ಕಡೆ ಇರಲಿ. ಭೂವಿಜ್ಞಾನಿ ಬಂದು ಹೊಲದಲ್ಲಿ ಸಾಲಾಗಿ ನಾಲ್ಕು ಕಬ್ಬಿಣದ ಕಡ್ಡಿ ನೆಟ್ಟು, ಕರೆಂಟ್ ಹರಿಸಿ, ಮೀಟರ್ ನೋಡುತ್ತಾರಲ್ಲ? ಆ ಕಡ್ಡಿಗಳನ್ನು ಜೋಡಿಸುವ ಒಂದು ಪ್ರಸಿದ್ಧ ಕ್ರಮಕ್ಕೆ ಷ್ಲಂಬರ್ಜೆ ಕ್ರಮ ಎಂದೇ ಹೆಸರು. ಕಾನ್ರಾಡ್ ಮತ್ತು ಮಾರ್ಸೆಲ್ ಎಂಬ ಫ್ರಾನ್ಸಿನ ಅಣ್ಣತಮ್ಮಂದಿರು ಇದೇ ಉಪಾಯವನ್ನು ಬಾವಿಯೊಳಗೆ ಇಳಿಸಿದರು. 1927ರ ಸೆಪ್ಟೆಂಬರಿನಲ್ಲಿ ಪೆಷೆಲ್ಬ್ರೋನ್ ಎಂಬಲ್ಲಿ ಮೊದಲ ಬಾವಿಯ ಅಳತೆ ನಡೆಯಿತು. ಉಪ್ಪುನೀರು ತುಂಬಿದ ಕಲ್ಲು ಕರೆಂಟನ್ನು ಸುಲಭವಾಗಿ ಬಿಡುತ್ತದೆ, ಎಣ್ಣೆ ತುಂಬಿದ ಕಲ್ಲು ತಡೆಯುತ್ತದೆ. ಆ ತಡೆಯನ್ನು ಅಳೆದು ಬರೆದ ಗೆರೆಯೇ ಲಾಗ್. ವೈರ್‌ಲೈನ್ ಹುದ್ದೆಗೆ ಹೋಗುವವರು ಇದನ್ನು ತಮ್ಮ ಹೊಲದ ಉದಾಹರಣೆಯಿಂದ ವಿವರಿಸಿದರೆ ಕೇಳುವವರೂ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾರೆ. ಪುಸ್ತಕದ ವ್ಯಾಖ್ಯೆಯನ್ನು ಅವರು ಬೆಳಗಿನಿಂದ ಹತ್ತು ಸಲ ಕೇಳಿರುತ್ತಾರೆ.

ಒಂದು ಲೆಕ್ಕ ಬಾಯಲ್ಲಿರಲಿ

ಬಾವಿಯ ತಳದ ಒತ್ತಡ ಎಷ್ಟು? ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಸೂತ್ರ ಸಣ್ಣದು: 0.052, ಗುಣಿಸು ಮಡ್ಡಿನ ತೂಕ, ಗುಣಿಸು ಆಳ. ತೂಕ ಗ್ಯಾಲನ್ನಿಗೆ ಪೌಂಡಿನಲ್ಲಿ, ಆಳ ಅಡಿಯಲ್ಲಿ, ಉತ್ತರ ಪಿಎಸ್‌ಐನಲ್ಲಿ. 10 ಪೌಂಡಿನ ಮಡ್, 10,000 ಅಡಿ ಆಳ ಎಂದರೆ 5,200 ಪಿಎಸ್‌ಐ. ನಮ್ಮ 1,000 ಅಡಿ ಬೋರಿನ ತುಂಬ ನೀರಿದ್ದರೆ ಸುಮಾರು 433 ಮಾತ್ರ. ಈ 0.052 ಎಲ್ಲಿಂದ ಬಂತು ಎಂದೂ ಕೇಳುತ್ತಾರೆ. ಒಂದು ಅಡಿಗೆ 12 ಅಂಗುಲ, ಒಂದು ಗ್ಯಾಲನ್ನಿಗೆ 231 ಘನ ಅಂಗುಲ. ಹನ್ನೆರಡನ್ನು 231ರಿಂದ ಭಾಗಿಸಿ ನೋಡಿ. ಬಿ.ಎ. ಓದಿದ ನನಗೇ ಇದು ಹಿಡಿಯಿತು, ನಿಮಗೇನು ಕಷ್ಟ!

ಆಮೇಲೆ ಕೊಕ್ಕೆ ಬರುತ್ತದೆ. ಬಾವಿ ಓರೆಯಾಗಿ ಕೊರೆದಿದ್ದರೆ ಯಾವ ಆಳ ಹಿಡಿಯಬೇಕು? ಪೈಪಿನ ಉದ್ದವಲ್ಲ, ನೆಟ್ಟಗಿನ ಆಳ. ಕಲ್ಲಿನೊಳಗಿನ ಒತ್ತಡ 5,400 ಇದ್ದರೆ? ನಮ್ಮ 5,200 ಸಾಲದು, ಗ್ಯಾಸು ಒಳಗೆ ನುಗ್ಗುತ್ತದೆ. ಅದಕ್ಕೆ ಕಿಕ್ ಎನ್ನುತ್ತಾರೆ. ಮಡ್ಡಿನ ತೂಕವನ್ನು ಸುಮಾರು 10.4ಕ್ಕೆ ಏರಿಸಿದರೆ ಸರಿಹೋಗುತ್ತದೆ. ಹಾಗಾದರೆ ಸುಮ್ಮನೆ 15ಕ್ಕೆ ಏರಿಸಿಬಿಟ್ಟರೆ ಆಗದೇ? ಆಗದು, ಕಲ್ಲೇ ಸೀಳಿ ಮಡ್ ಸೋರಿಹೋಗುತ್ತದೆ. ಕಿಕ್ ಬಂದದ್ದು ಮೇಲೆ ನಿಂತವರಿಗೆ ಹೇಗೆ ತಿಳಿಯುತ್ತದೆ ಎಂಬುದನ್ನೂ ಓದಿಕೊಳ್ಳಿ. ತೊಟ್ಟಿಯಲ್ಲಿ ಮಡ್ ಮಟ್ಟ ಏರುತ್ತದೆ, ಪಂಪ್ ನಿಲ್ಲಿಸಿದರೂ ಬಾವಿ ಹರಿಯುತ್ತಲೇ ಇರುತ್ತದೆ. ಆಗ ಬಾವಿಯ ಬಾಯಿ ಮುಚ್ಚುವ ಬಿಒಪಿ ಎಂಬ ದೊಡ್ಡ ಕವಾಟಗಳ ಗೋಪುರದ ಬಗ್ಗೆ ನಾಲ್ಕು ಮಾತು ಗೊತ್ತಿರಲೇಬೇಕು.

ಸುರಕ್ಷತೆ ಬಾಯಿಪಾಠದ ವಿಷಯವಲ್ಲ

"ಸೇಫ್ಟಿ ಫಸ್ಟ್ ಸಾರ್" ಎಂದು ಎಲ್ಲರೂ ಹೇಳುತ್ತಾರೆ. ಅದರಿಂದ ಏನೂ ಗಿಟ್ಟುವುದಿಲ್ಲ. ನಡೆದ ಘಟನೆಗಳನ್ನು ಓದಿಕೊಂಡು ಹೋಗಿ. 1995ರ ಜನವರಿ 8ರಂದು ಆಂಧ್ರದ ಅಮಲಾಪುರದ ಹತ್ತಿರ ಪಾಸರ್ಲಪೂಡಿಯಲ್ಲಿ ಒಎನ್‌ಜಿಸಿ ಬಾವಿ ಸಿಡಿದು 65 ದಿನ ಉರಿಯಿತು. ನಮ್ಮಲ್ಲಿ ತೆಲುಗು ಮನೆಮಾತಿನ ಹಿರಿಯರು ಈಗಲೂ ಅದನ್ನು ನೆನೆಯುತ್ತಾರೆ. 2005ರ ಜುಲೈ 27ರಂದು ಮುಂಬೈ ಹೈನಲ್ಲಿ, ಗಾಯಾಳು ಒಬ್ಬನನ್ನು ದಾಟಿಸಲು ಬಂದ ಹಡಗು ಎಣ್ಣೆಕಟ್ಟೆಯ ಗ್ಯಾಸ್ ಕೊಳವೆಗೆ ತಾಗಿ ಬೆಂಕಿ ಎದ್ದು 22 ಜನ ಸತ್ತರು. 2020ರ ಮೇ 27ರಂದು ಅಸ್ಸಾಮಿನ ಬಾಘ್‌ಜಾನ್ ಬಾವಿ ಸಿಡಿಯಿತು, ಜೂನ್ 9ಕ್ಕೆ ಬೆಂಕಿ ಹತ್ತಿತು, ಆರಿದ್ದು ನವೆಂಬರಿನಲ್ಲಿ.

ಕೇಳುವ ಪ್ರಶ್ನೆ ಹೀಗಿರುತ್ತದೆ: "ಪರ್ಮಿಟ್ ಇಲ್ಲದೆ ಕೆಲಸ ಶುರು ಮಾಡು ಎಂದು ಹಿರಿಯರು ಹೇಳಿದರೆ?" ದೊಡ್ಡವರ ಮಾತು ಮೀರಬಾರದು ಎಂದು ಬೆಳೆದ ನಮ್ಮ ಮಕ್ಕಳಿಗೆ ಇದು ಕಷ್ಟದ ಪ್ರಶ್ನೆ. ಕೆಲಸ ನಿಲ್ಲಿಸುವ ಹಕ್ಕು ಹೊಸಬನಿಗೂ ಇದೆ ಎಂಬುದು ಈ ಉದ್ಯಮದ ನಿಯಮ. ಮರ್ಯಾದೆಯಿಂದಲೇ, ಆದರೆ ನಿಲ್ಲಿಸುತ್ತೇನೆ ಎನ್ನಬೇಕು. ಸಿಪ್ಕಾಟ್‌ನ ಯಾವುದಾದರೂ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದವರು, ಮೆಷಿನ್ ರಿಪೇರಿಗೆ ಮುನ್ನ ಕರೆಂಟಿಗೆ ಬೀಗ ಹಾಕಿದ್ದನ್ನು ಹೇಳಿದರೆ ಸಾಕು, ಅದು ಅನುಭವದ ಮಾತಾಗುತ್ತದೆ.

ಭಾಷೆ, ಮನೆ, ಮನಸ್ಸು

ಸೇವಾ ಕಂಪನಿಗಳ ಸಂದರ್ಶನ ಇಂಗ್ಲಿಷಿನಲ್ಲೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು ಎಂದು ಬೆಳೆದವರು ಇದನ್ನು ಕೊರತೆ ಎಂದುಕೊಳ್ಳುವುದು ನನಗೆ ಸರಿಕಾಣದು. ರಿಗ್ಗಿನಲ್ಲಿ ಹತ್ತು ಸೀಮೆಯ ಜನ ಇರುತ್ತಾರೆ, ಮೂರು ಭಾಷೆ ಬಲ್ಲವನು ಅಲ್ಲಿ ಬೇಕಾದವನು. ಬೋರ್‌ವೆಲ್ಲಿಗೂ ಎಣ್ಣೆಬಾವಿಗೂ ಇರುವ ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ಮೂರು ನಿಮಿಷ ಜೋರಾಗಿ ಹೇಳಿ, ಮೊಬೈಲಿನಲ್ಲಿ ಧ್ವನಿ ಹಿಡಿದು ಕೇಳಿಸಿಕೊಳ್ಳಿ. ಒಂದು ವಾರ ಸಾಕು.

ಮನೆಯವರ ಜೊತೆ ಮಾತಾಡಿದ್ದೀರಾ ಎಂದೂ ಕೇಳುತ್ತಾರೆ, ಹುಡುಗಿಯರನ್ನು ಇನ್ನೂ ಒತ್ತಿ ಕೇಳುತ್ತಾರೆ. ವಾರಗಟ್ಟಲೆ ಮರುಭೂಮಿ ಅಥವಾ ಸಮುದ್ರದ ನಡುವೆ, ಆಮೇಲೆ ಒಟ್ಟಿಗೆ ರಜೆ. ಯುಗಾದಿಗೆ ಬರಲಾಗದು, ತಂಗಿ ಮದುವೆಗೆ ಬರುವುದೂ ಖಾತ್ರಿ ಇಲ್ಲ. ಅಮ್ಮನಿಗೆ ಇದನ್ನು ಮೊದಲೇ ಹೇಳಿ, ಅಲ್ಲಿ ಹೋಗಿ ತಡವರಿಸಬೇಡಿ. ಎಣ್ಣೆ ಬೆಲೆ ಬಿದ್ದಾಗ ಕೆಲಸವೂ ಬೀಳುತ್ತದೆ ಎಂಬುದೂ ತಿಳಿದಿರಲಿ. 2014ರಿಂದ 2016ರ ತನಕ ಹಾಗಾಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ಎಣ್ಣೆ ಬೆಲೆ ಸೊನ್ನೆಗಿಂತಲೂ ಕೆಳಗಿಳಿದಿತ್ತು! ಕೊನೆಯಲ್ಲಿ "ನಿಮ್ಮ ಪ್ರಶ್ನೆ ಏನಾದರೂ ಇದೆಯೇ" ಎಂದರೆ ತರಬೇತಿ ಎಷ್ಟು ತಿಂಗಳು, ಬಾಂಡ್ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಕಾವೇರಿ ಮುಖಜ ಭೂಮಿಯ ರೈತರ ವಿರೋಧ, 2020ರ ತಮಿಳುನಾಡು ಸಂರಕ್ಷಿತ ಕೃಷಿ ವಲಯ ಕಾಯ್ದೆ ಬಗ್ಗೆ ಅವರು ಅಭಿಪ್ರಾಯ ಕೇಳಿದರೆ, ರೈತರ ಮಕ್ಕಳಾಗಿ ನೇರವಾಗಿ ಹೇಳಿ. ಬಣ್ಣ ಬಳಿದ ಉತ್ತರ ಬೇಡ.

ದುಡ್ಡು ಕೇಳಿದರೆ ಎದ್ದು ಬನ್ನಿ

ಎರಡನೇ ಸುತ್ತಿನ ಕರೆ ಬಂತೆಂದು ಊರಲ್ಲಿ ಸುದ್ದಿಯಾದ ಕೂಡಲೇ "ನನಗೆ ಒಳಗಿನವರು ಗೊತ್ತು" ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಸಂದರ್ಶನಕ್ಕೆ, ಮೆಡಿಕಲ್‌ಗೆ, ತರಬೇತಿಗೆ ಎಂದು ಅಭ್ಯರ್ಥಿಯಿಂದ ಠೇವಣಿ ಕೇಳುವುದು ನೆಟ್ಟಗಿನ ಕಂಪನಿಯ ರೀತಿಯಲ್ಲ. ಪತ್ರ ಬಂದ ಇಮೇಲ್ ವಿಳಾಸ ಕಂಪನಿಯದೇ ಹೌದೇ ನೋಡಿ. ಕೊಲ್ಲಿ ದೇಶದ ಕೆಲಸವೆಂದು ಏಜೆಂಟ್ ಬಂದರೆ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಆತನ ನೋಂದಣಿ ಹುಡುಕಿ. ನೋಂದಾಯಿತ ಏಜೆಂಟರೂ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಹೊಲ ಅಡವಿಟ್ಟು ಮೂರು ಲಕ್ಷ ಕೊಡುವ ಮೊದಲು ಅಪ್ಪನಿಗೆ ಈ ಸಾಲನ್ನು ಓದಿ ಹೇಳಿ. ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್‌ಗಳ ಅಸಲನ್ನು ತೋರಿಸಿ ವಾಪಸ್ ತೆಗೆದುಕೊಳ್ಳಿ, ಪಾಸ್‌ಪೋರ್ಟನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

ಕಾರೈಕಾಲ್‌ನ ಒಎನ್‌ಜಿಸಿ ಕಡೆಗೆ ಹೋಗುವವರಿಗೆ ಬೆಂಗಳೂರು–ಕಾರೈಕಾಲ್ ರೈಲು ಹೊಸೂರಿನ ಮೇಲೆಯೇ ಹಾದುಹೋಗುತ್ತದೆ. ಚೆನ್ನೈ, ಪುಣೆ, ಮುಂಬೈ ಯಾವುದೇ ಆಗಲಿ, ಒಂದು ದಿನ ಮೊದಲೇ ಹೋಗಿ ಉಳಿದುಕೊಳ್ಳಿ. ರಾತ್ರಿ ಬಸ್ಸಿನಿಂದ ಇಳಿದ ಕಣ್ಣಲ್ಲಿ ಲೆಕ್ಕ ಮಾಡಲಾಗದು. ಮೆಡಿಕಲ್‌ನಲ್ಲಿ ಬಣ್ಣಗುರುಡು ಪರೀಕ್ಷೆ ಇರುವುದು ಸಾಮಾನ್ಯ, ಅನುಮಾನವಿದ್ದವರು ಹೊರಡುವ ಮುಂಚೆ ಹೊಸೂರಿನಲ್ಲೇ ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಿ.