ಆದವಾನಿ ಬೆಟ್ಟದ ಮೇಲೆ ಒಂದು ದಿನ

ನಮ್ಮ ಕೌತಾಳಂ ಎಂದರೆ ಖಾದರಲಿಂಗ ಸ್ವಾಮಿಯ ದರ್ಗಾ. ಪಕ್ಕದ ಉರುಕುಂದೆ ಎಂದರೆ ಈರಣ್ಣ ಸ್ವಾಮಿಯ ಶ್ರಾವಣದ ಜಾತ್ರೆ. ಇವನ್ನು ಬಲ್ಲವರು ಅನೇಕರು. ಆದರೆ ಹತ್ತಿರದ ಆದವಾನಿಯ ಕೋಟೆಬೆಟ್ಟವನ್ನು ಹತ್ತಿದವರು ಕಡಿಮೆ. ಬ್ಯಾಂಕಿಗೆ ರಜೆಯಿದ್ದ ಒಂದು ದಿನ ಮಗಳನ್ನು ಕರೆದುಕೊಂಡು ಹೊರಟೆ.

ಕಾಸರಗೋಡಿನ ಬಂಧುಗಳು ತಮ್ಮ ರಾಣಿಪುರದಂಥ ಹಸಿರನ್ನು ಇಲ್ಲಿ ನಿರೀಕ್ಷಿಸಬಾರದು. ಇದು ಹೆಬ್ಬಂಡೆಗಳ ಬೆಟ್ಟ. ಸಂದುಗಳಲ್ಲಿ ಸೀತಾಫಲ, ಜಾಲಿ, ಕಾರೆಯ ಕುರುಚಲು ಕಾಡು. ನವಿಲಿನ ಕೂಗು ಕೇಳಿಸಿತು. ಕಾಲಸಪ್ಪಳಕ್ಕೆ ಕೌಜುಗಗಳು ಪುರ್ರೆಂದು ಹಾರಿದವು. ರಣಮಂಡಲ ಆಂಜನೇಯನ ಗುಡಿಯ ಬಳಿ ಕೋತಿಯೊಂದು ಮಗಳ ಕೈಯ ಬಾಳೆಹಣ್ಣನ್ನು ಕಸಿದುಕೊಂಡಿತು. "ಹೊತ್ತು ಮುಳುಗೋದ್ರೊಳಗೆ ಇಳೀರಿ, ಚಿರತೆ ಓಡಾಡ್ತದ" ಎಂದು ಕುರಿ ಕಾಯುವವನೊಬ್ಬ ಎಚ್ಚರಿಸಿದ.

ಐದು ಗುಡ್ಡಗಳನ್ನು ಬಳಸಿ ಕಟ್ಟಿದ ಕೋಟೆಯಿದು. ಬಾರಾಕಿಲ್ಲಾ ಮತ್ತು ತಾಲಿಬಂಡ ಎಂಬೆರಡು ಬಯಲಿನಿಂದ ಸುಮಾರು 800 ಅಡಿ ಎತ್ತರವಿವೆ. ಬಾರಾಕಿಲ್ಲಾದ ನಡುದಾರಿಯ ಕೆರೆಯೇ ಕೋಟೆಯವರಿಗೆ ಆಸರೆ. ವಿಜಯನಗರದ ಅರಸರಿಗೆ ಇದು ಮುಖ್ಯ ದುರ್ಗ. 1565ರ ರಕ್ಕಸತಂಗಡಿ ಯುದ್ಧದ ನಂತರ ಬಿಜಾಪುರದ ಪಾಲಾಯಿತು. ಊರಿನ ಜಾಮಿಯಾ ಮಸೀದಿ ಅವರ ಅಧಿಕಾರಿ ಸಿದ್ದಿ ಮಸೂದ್ ಖಾನನ ಕಾಲದ್ದು. 1688ರಲ್ಲಿ ಮೊಗಲರು ಗೆದ್ದರು. ಮುಂದೆ ನಿಜಾಮರ ಕಡೆಯವರ ಕೈಯಲ್ಲಿದ್ದಾಗ, 1786ರಲ್ಲಿ ಟಿಪ್ಪು ಮುತ್ತಿಗೆ ಹಾಕಿ ಹಿಡಿದು ಕೋಟೆಯನ್ನು ಕೆಡವಿಸಿದ. 1800ರಲ್ಲಿ ನಿಜಾಮ ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ.

ಆಮೇಲೆ ನಾವು ಬಳ್ಳಾರಿ ಜಿಲ್ಲೆಯವರು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಬ್ಯಾಂಕಿನವನಾದ ನನಗೆ ಇದು ಖಾತೆಯನ್ನು ಬೇರೆ ಶಾಖೆಗೆ ವರ್ಗಾಯಿಸಿದಂತೆ ಕಾಣುತ್ತದೆ. ಲೆಡ್ಜರಿನಲ್ಲಿ ಜಿಲ್ಲೆಯ ಹೆಸರು ಬದಲಾಯಿತು. ಮನೆಯ ಮಾತು ಬದಲಾಗಲಿಲ್ಲ.

ಮೇಲೆ ನಿಂತು ಮಗಳು ಕೇಳಿದಳು: "ಇದು ಯಾರ ಕೋಟೆ ಅಪ್ಪಾ?" ಆಳಿದವರನ್ನೆಲ್ಲ ಹೇಳಿದೆ. "ಹಂಗಾದ್ರೆ ನಮ್ದಲ್ಲೇನು?" ಎಂದಳು. ತಟ್ಟನೆ ಉತ್ತರ ಹೊಳೆಯಲಿಲ್ಲ. ಅವಳು ಕಲಿಯುವುದು ತೆಲುಗಿನಲ್ಲಿ. ಅದರ ಬಗ್ಗೆ ನನಗೆ ದೂರಿಲ್ಲ. ಅದು ನೆರೆಯವರ ಮಾತು, ಅನ್ನದ ಮಾತು. ಆದರೆ ಮನೆಯಲ್ಲಿ ಆಡುವ ಕನ್ನಡವನ್ನು ಅವಳು ಅಕ್ಷರ ಕೂಡಿಸಿ ಓದುತ್ತಾಳೆ. ಕಲ್ಲು ಹೊತ್ತವರು, ಆ ಕೆರೆಯ ನೀರು ಕುಡಿದವರು ನಮ್ಮಂಥವರೇ ಎಂದು ಅವಳಿಗೆ ಹೇಳುವವರು ಯಾರು?

ಅಂದು ರಾತ್ರಿ ಇಷ್ಟನ್ನು ಕನ್ನಡದಲ್ಲಿ ಬರೆದು ಅವಳಿಂದಲೇ ಓದಿಸಿದೆ. ಒಂದು ಗಂಟೆ ಹಿಡಿಯಿತು. ನಿಮ್ಮಲ್ಲಿಯೂ ಕೆಳದಿಯವರು ಕಟ್ಟಿಸಿದ ಬೇಕಲ ಕೋಟೆಯಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಮನೆಗೆ ಬಂದು ಒಂದು ಪುಟ ಕನ್ನಡದಲ್ಲಿ ಬರೆಸಿ.