ಕವಿರಾಜಮಾರ್ಗವೂ ದಂಡಿಯ ಋಣವೂ

ಅಲಂಕಾರಶಾಸ್ತ್ರವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಬಾಲ್ಯದಲ್ಲಿ ಕಂಠಪಾಠ ಮಾಡಿದ ಲಕ್ಷಣವಾಕ್ಯಗಳು. ಉಪಮೇಯವಾವುದು, ಉಪಮಾನವಾವುದು, ವಾಚಕಪದವೆಲ್ಲಿರುವುದು ಎಂದು ಬೆರಳು ಮಡಿಸಿ ಎಣಿಸಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುವುದು ವಾಡಿಕೆ. ಪಾಠಶಾಲೆಯಲ್ಲಿ ಕುವಲಯಾನಂದವನ್ನೋದಿದ ನಾನೂ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹೀಗೆಯೇ ಪಾಠ ಹೇಳಿದವನು. ಕವಿರಾಜಮಾರ್ಗದ ಪ್ರಸ್ತಾಪ ಬಂದಾಗಲೆಲ್ಲ, “ಅದು ದಂಡಿಯ ಕಾವ್ಯಾದರ್ಶದ ಭಾಷಾಂತರ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆನು. ಒಮ್ಮೆ ಒಬ್ಬ ವಿದ್ಯಾರ್ಥಿನಿಯು ಎದ್ದು ನಿಂತು, “ಹಾಗಾದರೆ ಮಾರ್ಗದಲ್ಲಿರುವ ಧ್ವನಿಯೆಂಬ ಅಲಂಕಾರವನ್ನು ದಂಡಿಯು ಎಲ್ಲಿ ಹೇಳಿದ್ದಾನೆ, ಮೇಷ್ಟ್ರೇ?” ಎಂದು ಕೇಳಿದಳು. “ನಾಳೆ ಹೇಳುತ್ತೇನಮ್ಮ” ಎಂದೆನು. ಆ ನಾಳೆಯು ನನ್ನ ನಿವೃತ್ತಿಯ ತನಕ ಬರಲಿಲ್ಲ.

ಕವಿರಾಜಮಾರ್ಗವು ಸುಮಾರು 850ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ (814–878) ಹುಟ್ಟಿದ ಗ್ರಂಥ. ಆತನ ರಾಜಧಾನಿಯಾದ ಮಾನ್ಯಖೇಟವು ಕಾಗಿಣಾ ನದಿಯ ತೀರದ ಇಂದಿನ ಮಳಖೇಡ. ಕೆ. ಬಿ. ಪಾಠಕರು 1898ರಲ್ಲಿ ಇದನ್ನು ಮೊದಲು ಅಚ್ಚು ಹಾಕಿಸಿದಾಗ ನೃಪತುಂಗನೇ ಕರ್ತೃವೆಂದು ಭಾವಿಸಿದರು. ಅನಂತರದ ವಿದ್ವಾಂಸರಲ್ಲಿ ಬಹುಮಂದಿ ಆಸ್ಥಾನಕವಿಯಾದ ಶ್ರೀವಿಜಯನ ಪರವಾಗಿರುವರು. ಆ ವಾದವು ಪ್ರಕೃತಕ್ಕೆ ಬೇಕಿಲ್ಲ.

ದಂಡಿಯ ಋಣವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಅರ್ಥಾಲಂಕಾರಗಳ ಹೆಸರುಗಳೂ ಲಕ್ಷಣಗಳೂ ಬಹುಮಟ್ಟಿಗೆ ಅವನವೇ. ಎಷ್ಟೋ ಉದಾಹರಣಪದ್ಯಗಳು ಅವನ ಶ್ಲೋಕಗಳ ಕನ್ನಡ ರೂಪಗಳು. ಆದರೆ ಸಾಲ ತಂದ ಬೀಜವನ್ನು ಯಾವ ಹೊಲದಲ್ಲಿ ಬಿತ್ತಿದನೆಂಬುದನ್ನು ನೋಡಬೇಡವೇ?

ಮೊದಲು ಪ್ರಾಸದ ವಿಷಯ. ಪದ್ಯದ ಪ್ರತಿಯೊಂದು ಪಾದದಲ್ಲಿಯೂ ಎರಡನೆಯ ಅಕ್ಷರದ ವ್ಯಂಜನವು ಒಂದೇ ಆಗಿರಬೇಕೆಂಬುದು ಹಳಗನ್ನಡ ಕವಿಗಳ ಕಟ್ಟುನಿಟ್ಟು. ಸಂಸ್ಕೃತದಲ್ಲಿ ಇಂಥ ಕಟ್ಟಿಲ್ಲ. ಅಲ್ಲಿ ಬಿಗಿಯಾಗಿರುವುದು ಯತಿ. ಯತಿ ತಪ್ಪುವುದನ್ನು ದಂಡಿಯು ಕಾವ್ಯದೋಷಗಳಲ್ಲಿ ಎಣಿಸಿರುವನು. ಮಾರ್ಗಕಾರನಾದರೋ, ಕನ್ನಡ ಕವಿಗಳು ಖಂಡಪ್ರಾಸವನ್ನೇ ಅತಿಶಯವೆಂದು ಬಗೆದು ಯತಿಯನ್ನು ದಾಟಿದರೆಂದು ಹೇಳುವನು. ಆಚಾರ್ಯನು ದೋಷವೆಂದುದನ್ನು ತನ್ನ ನುಡಿಯ ಕವಿಗಳ ರೂಢಿಯೆಂದು ಒಪ್ಪಿಕೊಳ್ಳುವ ಧೈರ್ಯ ಭಾಷಾಂತರಕಾರನಿಗೆ ಎಲ್ಲಿಂದ ಬಂದೀತು?

ಎರಡನೆಯದು ಸಮಾಸದ ಮಾತು. ಸಂಸ್ಕೃತಪದವನ್ನೂ ಕನ್ನಡಪದವನ್ನೂ ವಿವೇಕವಿಲ್ಲದೆ ಕೂಡಿಸಿ ಸಮಾಸ ಮಾಡಿದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸಿದಂತೆ ರಸ ಕೆಡುವುದೆನ್ನುವನು. ಈ ದೋಷವು ಕನ್ನಡದಲ್ಲಿ ಮಾತ್ರ ಹುಟ್ಟತಕ್ಕದ್ದು. ದಂಡಿಯು ಇದನ್ನು ಹೇಳುವ ಸಂದರ್ಭವೇ ಇಲ್ಲ. ಹೇಳಿದ ರೀತಿಯನ್ನೂ ಗಮನಿಸಬೇಕು. ದೋಷವನ್ನು ತಿಳಿಸುವಾಗಲೂ ಆತನ ಬಾಯಿಂದ ಬಂದದ್ದು ಉಪಮೆ; ಅದೂ ಅಡಿಗೆಮನೆಯ ಉಪಮೆ. ಹಾಲೊಡೆದು ಹೋದ ದಿನ ಮನೆಯಲ್ಲಿ ಏನಾಗುವುದೆಂಬುದನ್ನು ಬಲ್ಲ ಯಾವ ಗೃಹಿಣಿಗೂ ಇದರ ಮೇಲೆ ವ್ಯಾಖ್ಯಾನ ಬೇಡ. ನಾನು ಮಕ್ಕಳಿಗೆ ಉಪಮೆಯನ್ನು ಕಲಿಸುವಾಗ ಚಂದ್ರಮುಖಿಯನ್ನು ಬಿಟ್ಟು ಇದನ್ನು ಹೇಳಿದ್ದರೆ ಎಷ್ಟೋ ಲೇಸಾಗುತ್ತಿತ್ತು.

ಇನ್ನು ಆ ಬಾಲಿಕೆಯ ಪ್ರಶ್ನೆ. ಧ್ವನಿಯೆಂದರೆ ಆಡಿದ ಮಾತಿನ ಹಿಂದೆ ಆಡದೆ ಉಳಿದು ಹೊಳೆಯುವ ಅರ್ಥ. ಹೊತ್ತು ಮೀರಿ ಮನೆಗೆ ಬಂದ ಮಗನಿಗೆ ತಾಯಿಯು “ಅನ್ನ ಆರಿಹೋಯಿತಪ್ಪಾ” ಎನ್ನುವಳು. ವಾಚ್ಯಾರ್ಥವು ಅನ್ನದ್ದು, ಅವಳ ಕಾತರವೂ ಮುನಿಸೂ ಹೊಳೆಯುವುದು ಧ್ವನಿಯಿಂದ. ದಂಡಿಯು ಎರಡನೆಯ ಪರಿಚ್ಛೇದದಲ್ಲಿ ಮೂವತ್ತೈದು ಅರ್ಥಾಲಂಕಾರಗಳನ್ನು ನಿರೂಪಿಸಿರುವನು. ಅವುಗಳಲ್ಲಿ ಧ್ವನಿಯೆಂಬ ಹೆಸರಿನದು ಒಂದೂ ಇಲ್ಲ. ಮಾರ್ಗದ ಮೂರನೆಯ ಪರಿಚ್ಛೇದದಲ್ಲಿ ಅದು ಇರುವುದು.

ಹಾಗಾದರೆ ಧ್ವನಿತತ್ತ್ವವನ್ನು ಕನ್ನಡಿಗರೇ ಮೊದಲು ಕಂಡರೆಂದು ಡಂಗುರ ಸಾರಬಹುದೇ? ಸಾರಬಾರದೆಂದೇ ನನ್ನ ಮತ. ಧ್ವನ್ಯಾಲೋಕವನ್ನು ಬರೆದ ಆನಂದವರ್ಧನನು ಕಾಶ್ಮೀರದ ಅವಂತಿವರ್ಮನ (855–883) ಕಾಲದವನೆಂದು ರಾಜತರಂಗಿಣಿಯು ಹೇಳುವುದು; ಎಂದರೆ ನಮ್ಮ ನೃಪತುಂಗನಿಗೆ ಸಮಕಾಲೀನನು. ಕಾವ್ಯದ ಆತ್ಮವೇ ಧ್ವನಿಯೆಂಬ ಮಾತು ತನಗಿಂತ ಹಿಂದಿನ ವಿದ್ವಾಂಸರಿಂದ ಬಂದುದೆಂದು ಆತನೇ ಮೊದಲ ಕಾರಿಕೆಯಲ್ಲಿ ಒಪ್ಪಿರುವನು. ಧ್ವನಿಯನ್ನು ಅಲಂಕಾರಗಳೊಳಗೇ ಅಡಗಿಸಬಹುದೆನ್ನುವವರನ್ನು ಖಂಡಿಸಿಯೂ ಇರುವನು. ಮಾರ್ಗಕಾರನು ನಿಂತಿರುವುದು ಆ ಖಂಡಿತಪಕ್ಷದ ಕಡೆಗೆ. ಆತನಿಗೆ ಧ್ವನಿಯು ಹಲವು ಒಡವೆಗಳಲ್ಲಿ ಒಂದು. ಆನಂದವರ್ಧನನಿಗಾದರೋ ಒಡವೆ ತೊಟ್ಟ ದೇಹದೊಳಗಿನ ಪ್ರಾಣ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಅಭಿಮಾನವೇ ಹೊರತು ವಿಮರ್ಶೆಯಲ್ಲ.

ಆದರೂ ಇದರಿಂದ ಒಂದು ಸಂಗತಿ ಸ್ಪಷ್ಟವಾಗುವುದು. ಕಾಶ್ಮೀರದ ಪಂಡಿತರು ಧ್ವನಿಯೆಂಬುದು ಉಂಟೋ ಇಲ್ಲವೋ, ಅದು ಅಲಂಕಾರವೋ ಬೇರೆಯೋ ಎಂದು ಕಾದಾಡುತ್ತಿದ್ದ ಕಾಲದಲ್ಲಿಯೇ ಕಾಗಿಣಾ ತೀರದ ಕನ್ನಡ ಲಾಕ್ಷಣಿಕನೊಬ್ಬನು ಆ ಹೆಸರನ್ನು ಕೇಳಿ, ತನ್ನ ಬುದ್ಧಿಗೆ ತೋಚಿದ ಸ್ಥಾನವನ್ನು ಅದಕ್ಕೆ ಕೊಟ್ಟಿದ್ದನು. ದಂಡಿಯ ಓಲೆಗರಿಯೊಂದನ್ನೇ ಮುಂದಿಟ್ಟುಕೊಂಡು ಕುಳಿತವನಿಗೆ ಇದು ಸಾಧ್ಯವಿರಲಿಲ್ಲ.

ನಿಜವಾದ ಭಾಷಾಂತರವೆಂದರೆ ಹೇಗಿರುವುದೆಂಬುದನ್ನು ನೋಡಬೇಕಾದವರು ಸುಮಾರು 1500ರ ಮಾಧವನ ಮಾಧವಾಲಂಕಾರವನ್ನು ನೋಡಬಹುದು. ಕಾವ್ಯಾದರ್ಶವನ್ನು ಕನ್ನಡಕ್ಕೆ ತಂದವನು ಆತನು. ಆ ಎರಡು ಗ್ರಂಥಗಳನ್ನೂ ಎದುರುಬದುರಾಗಿಟ್ಟುಕೊಂಡು ಓದುವ ಬಿಡುವು ನನಗೆ ದೊರೆತದ್ದು ಈಚೆಗೆ. ಪ್ರಶ್ನೆ ಕೇಳಿದ ಬಾಲಿಕೆಯು ಈಗ ಯಾವ ಊರಿನಲ್ಲಿರುವಳೋ ಅರಿಯೆನು. ಈ ಮಾಸಪತ್ರಿಕೆಯು ಆಕೆಯ ಮನೆಗೂ ಹೋಗುತ್ತಿದ್ದರೆ, ದಂಡಿಯು ಅದನ್ನು ಎಲ್ಲಿಯೂ ಹೇಳಿಲ್ಲಮ್ಮ.